ಅಡಿಕೆ ಸುಲಿಯುವ ಚಪ್ಪರದಲ್ಲಿ ಎದ್ದ ಪ್ರಶ್ನೆ: ಫ್ಯಾಸಿಸ್ಟ್ ಅಂದ್ರೆ ಎಂತ?

ಹೊಸನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕೊಯ್ಲು ಅಂತ ಅಪ್ಪನ ಮನೆಗೆ ಬಂದಿದ್ದೇನೆ. ಶನಿವಾರ ರಾತ್ರಿ ಚಪ್ಪರದಲ್ಲಿ ಹತ್ತು ಹನ್ನೆರಡು ಜನ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಮೆಟ್ಟುಗತ್ತಿ ಮುಂದೆ ಕೂತರೆ ಕೈಗೆ ಕೆಲಸ, ಬಾಯಿಗೆ ರಜೆ. ರಾಜಕೀಯ ಬಂದೇ ಬರುತ್ತದೆ. ಬೆಂಗಳೂರಲ್ಲಿ ಓದುತ್ತಿರುವ ಅಣ್ಣನ ಮಗನಿಗೆ ಯಾರದೋ ಮಾತಿಗೆ ಸಿಟ್ಟು ಬಂತು. "ನೀವೆಲ್ಲ ಫ್ಯಾಸಿಸ್ಟರು" ಅಂದುಬಿಟ್ಟ. ಯಾರೂ ಮಾತಾಡಲಿಲ್ಲ. ಕತ್ತಿಯ ಸದ್ದು ಮಾತ್ರ. ಆಮೇಲೆ ದೊಡ್ಡಪ್ಪ (82 ವರ್ಷ, ಕಣ್ಣು ಮಂಜಾದರೂ ಕೈ ಇನ್ನೂ ಚುರುಕು) ತಲೆ ಎತ್ತದೆ ಕೇಳಿದರು: "ಅದು ಬೈಗುಳನೋ, ಅದಕ್ಕೊಂದು ಅರ್ಥ ಉಂಟೋ?"

ಹುಡುಗ ಹಿಟ್ಲರ್, ಗ್ಯಾಸ್ ಚೇಂಬರ್ ಅಂತೆಲ್ಲ ಹೇಳಿದ. ದೊಡ್ಡಪ್ಪ ಕೇಳಿಸಿಕೊಂಡರು. "ಅದು ಕೊನೆ ಆಯ್ತಲ ಮಾರಾಯ. ಶುರು ಎಂತ?"

ಅಲ್ಲಿಗೆ ಹುಡುಗ ಸುಮ್ಮನಾದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳುವವಳು. ನಮ್ಮ ಪಾಠದಲ್ಲಿ ಇದು ಎರಡು ಪುಟ. ಪದದ ಹುಟ್ಟು ಮಾತ್ರ ಹೇಳಿದೆ. ಹಳೇ ರೋಮಿನಲ್ಲಿ ಅಧಿಕಾರಿಯ ಮುಂದೆ ಸೇವಕರು ಕೋಲುಗಳ ಒಂದು ಕಟ್ಟು ಹಿಡಿದು ನಡೆಯುತ್ತಿದ್ದರು, ನಡುವೆ ಒಂದು ಕೊಡಲಿ. ಕೋಲು ಹೊಡೆಯುವುದಕ್ಕೆ, ಕೊಡಲಿ ತಲೆ ತೆಗೆಯುವುದಕ್ಕೆ. ಆ ಕಟ್ಟಿನ ಹೆಸರಿಂದಲೇ ಈ ಪದ. ಇಟಲಿಯ ಮುಸೊಲಿನಿ 1919ರ ಮಾರ್ಚ್ 23ರಂದು ಮಿಲಾನಿನಲ್ಲಿ ಒಂದಿಷ್ಟು ಜನರನ್ನು ಸೇರಿಸಿ ಶುರು ಮಾಡಿದ ಗುಂಪಿಗೆ ಇದೇ ಹೆಸರಿಟ್ಟ. ದೊಡ್ಡಪ್ಪ ಮೂಲೆಯಲ್ಲಿದ್ದ ದಬ್ಬೆ ಕಟ್ಟು ತೋರಿಸಿ "ಹಿಂಗಾ?" ಅಂದರು. ಹೌದು, ಹೆಚ್ಚುಕಮ್ಮಿ ಹಾಗೇ.

ಮನೆಗೆಲಸ ಮುಗಿಸಿ ಮಲಗಿದರೂ ಆ "ಶುರು ಎಂತ?" ತಲೆಯಿಂದ ಹೋಗಲಿಲ್ಲ. ಈಗಿನ ರಾಜಕೀಯವನ್ನು ಆಗಿನದಕ್ಕೆ ಹೋಲಿಸುವಾಗ ಯಾವುದನ್ನು ಯಾವುದರ ಪಕ್ಕ ಇಡಬೇಕು? ಯಾವುದು ಸುಮ್ನೆ ಬೈಗುಳ? ನಿಮಗೆ ತೋಚಿದ್ದು ಬರೆಯಿರಿ.

ಗೋಪಿ ಸರ್ಕಲ್ ಹುಡುಗ

ಸಿಂಪಲ್ ಅಕ್ಕ. ಜರ್ಮನಿಯಲ್ಲಿ ಬ್ರೆಡ್ಡಿಗೆ ಗಾಡಿ ತುಂಬ ನೋಟು ಕೊಡುವ ಹಾಗಾಯ್ತು. ಜನ ರೊಚ್ಚಿಗೆದ್ದರು, ಹಿಟ್ಲರ್ ಬಂದ. ಈಗಲೂ ಬೆಲೆ ಏರಿಕೆ. ಲೆಕ್ಕ ಸರಿಹೋಯ್ತಲ್ಲ.

ಕೊಳೆ ಔಷಧಿ

ಲೆಕ್ಕ ಅಷ್ಟು ಸುಲಭಕ್ಕೆ ಸರಿಹೋಗಲ್ಲ ತಮ್ಮಾ.

ಮೇಡಂ, ನಾನು ನೇರ ಹೇಳುತ್ತೇನೆ. ನಿಮ್ಮ ಅಣ್ಣನ ಮಗನಂಥವರಿಂದ ನನಗೆ ಸಾಕಾಗಿದೆ. ನಾನು ಓಟು ಹಾಕುವ ಪಕ್ಷ ಅವರಿಗೆ ಹಿಡಿಸಲ್ಲ ಅಂತ ನನ್ನನ್ನು ಹಿಟ್ಲರ್ ಪಕ್ಕ ನಿಲ್ಲಿಸುತ್ತಾರೆ. ಕರ್ನಾಟಕದಲ್ಲಿ 1985ರ ನಂತರ ಆಳುತ್ತಿದ್ದ ಪಕ್ಷ ಒಂದು ಸಲವೂ ಚುನಾವಣೆಯಲ್ಲಿ ಗೆದ್ದು ಮರಳಿ ಬಂದಿಲ್ಲ. ಎಲ್ಲರನ್ನೂ ಮನೆಗೆ ಕಳಿಸಿದ್ದೇವೆ. ಸೋತವರು ಕುರ್ಚಿ ಬಿಟ್ಟು ಇಳಿದಿದ್ದಾರೆ. ಇಟಲಿಯಲ್ಲಿ ಹೀಗೆ ಇಳಿಸಲು ಆಯ್ತಾ? ಮುಸೊಲಿನಿ ಇಪ್ಪತ್ತು ವರ್ಷ ಕೂತ, ಯುದ್ಧ ಸೋಲುತ್ತಾ ಬಂದ ಮೇಲೇ ಇಳಿದಿದ್ದು.

ಕೊಳೆ ರೋಗ, ಎಲೆ ಚುಕ್ಕಿ ರೋಗ ಎರಡೂ ತೋಟ ಹಾಳು ಮಾಡುತ್ತವೆ. ಹಾಗಂತ ಎರಡಕ್ಕೂ ಒಂದೇ ಹೆಸರು ಇಟ್ಟರೆ ಔಷಧಿ ತಪ್ಪುತ್ತದೆ. ದುರಾಡಳಿತ ಅನ್ನಿ, ಸರ್ವಾಧಿಕಾರ ಅನ್ನಿ, ಕೇಳುತ್ತೇನೆ. ಎಲ್ಲದಕ್ಕೂ ಫ್ಯಾಸಿಸಂ ಅಂದರೆ ನಾನು ಪುಟ ಮುಚ್ಚಿ ತೋಟಕ್ಕೆ ಹೋಗುತ್ತೇನೆ.

ಹೊಸನಗರದ ಅಕ್ಕ

ಔಷಧಿಯವರೇ, ರೋಗದ ಮಾತು ಒಪ್ಪಿದೆ. ಆದರೆ ಒಂದು ವಿಷಯ.

ಮುಸೊಲಿನಿ ಬಂದ ದಿನವೇ ಬಾಗಿಲು ಹಾಕಲಿಲ್ಲ. 1922ರ ಅಕ್ಟೋಬರ್ ಕೊನೆಗೆ ಅವನ ಗುಂಪಿನ ಕಪ್ಪಂಗಿಯವರು ರೋಮಿನ ಕಡೆ ಹೊರಟಾಗ ಪ್ರಧಾನಿ ಫಾಕ್ಟಾ ಸೇನಾಡಳಿತದ ಆದೇಶ ಸಿದ್ಧಮಾಡಿ ರಾಜನ ಮುಂದಿಟ್ಟರು. ಮಳೆಯಲ್ಲಿ ನೆನೆದು ನಿಂತಿದ್ದ ಆ ಗುಂಪನ್ನು ಸೈನ್ಯ ಸುಲಭವಾಗಿ ಚದುರಿಸಬಹುದಿತ್ತು. ರಾಜ ಸಹಿ ಹಾಕಲಿಲ್ಲ. ಮುಸೊಲಿನಿ ನಡೆದೂ ಬರಲಿಲ್ಲ. ಮಿಲಾನಿನಿಂದ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದು ಪ್ರಧಾನಿಯಾದ. ಅವನ ಮೊದಲ ಸಂಪುಟ ಬೇರೆ ಪಕ್ಷದವರೂ ಇದ್ದ ಸಮ್ಮಿಶ್ರ ಸಂಪುಟ. ಪತ್ರಿಕೆಗಳಿದ್ದವು. ವಿರೋಧ ಪಕ್ಷವಿತ್ತು. 1923ರಲ್ಲಿ ಒಂದು ಕಾನೂನು ಬಂತು: ಕಾಲು ಭಾಗ ಓಟು ದಾಟಿ ಮೊದಲು ಬಂದ ಪಟ್ಟಿಗೆ ಮೂರರಲ್ಲಿ ಎರಡು ಪಾಲು ಸೀಟು. ಸಂಸತ್ತೇ ಅದನ್ನು ಪಾಸ್ ಮಾಡಿತು. 1924ರಲ್ಲಿ ಚುನಾವಣೆ. ಮುಸೊಲಿನಿ ಕಡೆಯವರು ಗೆದ್ದ ರೀತಿಯನ್ನು ಮಟೆಯೊಟಿ ಎಂಬ ಸಮಾಜವಾದಿ ಸದಸ್ಯ ಮೇ 30ರಂದು ಸಂಸತ್ತಿನಲ್ಲೇ ಬಿಚ್ಚಿಟ್ಟರು. ಜೂನ್ 10ರಂದು ಅವರನ್ನು ರಸ್ತೆಯಿಂದ ಕಾರಿಗೆ ಎಳೆದುಕೊಂಡು ಹೋದರು. ಹೆಣ ಸಿಕ್ಕಿದ್ದು ಆಗಸ್ಟಿನಲ್ಲಿ. 1925ರ ಜನವರಿ 3ರಂದು ಮುಸೊಲಿನಿ ಎದ್ದು ನಿಂತು, ನಡೆದದ್ದಕ್ಕೆಲ್ಲ ನಾನೇ ಹೊಣೆ, ಏನು ಮಾಡ್ತೀರಿ ಅನ್ನುವ ಧಾಟಿಯಲ್ಲಿ ಮಾತಾಡಿದ. ಯಾರೂ ಏನೂ ಮಾಡಲಿಲ್ಲ.

ಅಂದರೆ 1923ರಲ್ಲಿ ಬೊಲೊನ್ಯಾದ ಒಬ್ಬ ರೈತ ನಿಮ್ಮ ಮಾತನ್ನೇ ಹೇಳಬಹುದಿತ್ತು. "ಚುನಾವಣೆ ಇದೆ, ಪೇಪರ್ ಬರುತ್ತಿದೆ, ಎಂತ ಕೂಗಾಡ್ತೀರಿ?" ಅಂತ. ಅವನು ಸುಳ್ಳು ಹೇಳಿದ ಹಾಗೂ ಆಗುತ್ತಿರಲಿಲ್ಲ.

ಕೊಳೆ ಔಷಧಿ

ಹಾಗಾದರೆ ಯಾವ ಸರ್ಕಾರದ ಮೇಲೆ ಬೇಕಾದರೂ ಈ ಆರೋಪ ಹೊರಿಸಬಹುದು. "ಇನ್ನೂ 1923, ಕಾದು ನೋಡಿ" ಅಂದರಾಯ್ತು. ತಪ್ಪು ಅಂತ ಸಾಬೀತು ಮಾಡುವುದಕ್ಕೇ ಆಗದ ಮಾತು ಇದು.

ಹೊಸನಗರದ ಅಕ್ಕ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯೋಚಿಸುತ್ತೇನೆ.

[ಈ ಸಂದೇಶ ತೆಗೆಯಲಾಗಿದೆ]

ನಿರ್ವಾಹಕ

ಈಗಿನ ನಾಯಕರ ಹೆಸರು ಹಿಡಿದು ಬೈದಾಡುವುದು ಬೇಡ. ಅದಕ್ಕೆ ಬೇರೆ ಗುಂಪುಗಳು ಬೇಕಾದಷ್ಟಿವೆ. ವಿಷಯ ಚೆನ್ನಾಗಿ ಹೋಗ್ತಿದೆ, ಹಾಳು ಮಾಡಬೇಡಿ.

ತುಂಗೆಯ ದಡ

ನಾನು ಶಿವಮೊಗ್ಗ ಕೋರ್ಟಿನಲ್ಲಿ ವಕೀಲ. ಔಷಧಿಯವರ ಪ್ರಶ್ನೆ ನ್ಯಾಯವಾದದ್ದು. ಹಾಗಾಗಿ ಕಾಗದದಲ್ಲಿ ಕಾಣುವ ಗುರುತುಗಳನ್ನಷ್ಟೇ ಹೇಳುತ್ತೇನೆ.

ಹಿಟ್ಲರನನ್ನು ಜನ ಬಹುಮತ ಕೊಟ್ಟು ಗೆಲ್ಲಿಸಿದರು ಅಂತ ಎಲ್ಲರೂ ಹೇಳುತ್ತಾರೆ. ಮುಕ್ತ ಚುನಾವಣೆಯಲ್ಲಿ ಅವನ ಪಕ್ಷ ಮುಟ್ಟಿದ ಗರಿಷ್ಠ 37.3 ಶೇಕಡಾ, 1932ರ ಜುಲೈಯಲ್ಲಿ. ನವೆಂಬರಿನಲ್ಲಿ ಅದೂ ಇಳಿದು 33.1. ಇಳಿಯುತ್ತಿದ್ದವನನ್ನು ಕರೆದು 1933ರ ಜನವರಿ 30ರಂದು ಕುರ್ಚಿ ಕೊಟ್ಟವರು ಅಧ್ಯಕ್ಷ ಹಿಂಡನ್‌ಬರ್ಗ್ ಮತ್ತು ಅವರ ಸುತ್ತಲಿನ ದೊಡ್ಡ ಮನುಷ್ಯರು. ಸಂಪುಟದಲ್ಲಿ ಅವನ ಕಡೆಯವರು ಅವನೂ ಸೇರಿ ಮೂರೇ ಜನ. ಹಗ್ಗ ನಮ್ಮ ಕೈಲಿದೆ ಅಂದುಕೊಂಡರು.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ. ಮಾರನೇ ದಿನವೇ ಮಾತಿನ ಸ್ವಾತಂತ್ರ್ಯ, ಸಭೆ, ಪತ್ರಿಕೆ, ಅಂಚೆ ಗುಟ್ಟು ಎಲ್ಲ ಅಮಾನತು. ತಾತ್ಕಾಲಿಕ ಅಂದಿದ್ದು 1945ರ ತನಕ ಇತ್ತು. ಮಾರ್ಚ್ 23ರಂದು, ಸಂಸತ್ತಿನ ಒಪ್ಪಿಗೆ ಇಲ್ಲದೆ ಸರ್ಕಾರವೇ ಕಾನೂನು ಮಾಡುವ ಅಧಿಕಾರ. ಪರ 444, ವಿರೋಧ 94. ಕಮ್ಯುನಿಸ್ಟ್ ಸದಸ್ಯರು ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ವಿರೋಧಿಸಿದ್ದು ಸೋಷಿಯಲ್ ಡೆಮಾಕ್ರಟರು ಮಾತ್ರ. ಹೊಸ ಸಂವಿಧಾನ ಬರೆಯಲೇ ಇಲ್ಲ, ಹಳೆಯದನ್ನು ರದ್ದೂ ಮಾಡಲಿಲ್ಲ. ನನ್ನ ವೃತ್ತಿಯವನಿಗೆ ನಿದ್ದೆ ಕೆಡಿಸುವ ಸಂಗತಿ ಇದು. ಪ್ರತಿಯೊಂದಕ್ಕೂ ಕಲಂ ನಂಬರ್ ಇತ್ತು.

ನಮ್ಮಲ್ಲೂ ಒಮ್ಮೆ ಕಲಂ ನಂಬರ್ ಹಾಕಿಯೇ ನಡೆಯಿತು. 1975ರ ಜೂನ್ 25, ಕಲಂ 352, ತುರ್ತು ಪರಿಸ್ಥಿತಿ. "ಆಂತರಿಕ ಗೊಂದಲ" ಅನ್ನುವ ಎರಡು ಪದ ಸಾಕಾಯಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕೂ ಈಗ ಇಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. 1978ರಲ್ಲಿ 44ನೇ ತಿದ್ದುಪಡಿ ಆ ಎರಡು ಪದ ಕಿತ್ತು "ಸಶಸ್ತ್ರ ಬಂಡಾಯ" ಅಂತ ಹಾಕಿತು. ಹಾಗಾಗಿ ಔಷಧಿಯವರೇ, ನಾನು ಯಾವ ಪಕ್ಷದ ಸರ್ಕಾರ ಬಂದರೂ ಭಾಷಣ ಕೇಳಲ್ಲ. ಜಾಮೀನಿಲ್ಲದೆ ಎಷ್ಟು ದಿನ ಒಳಗೆ ಇಡಬಹುದು, ಆ ಲೆಕ್ಕ ನೋಡುತ್ತೇನೆ.

ಭದ್ರಾವತಿ ಕುಲುಮೆ

ತುರ್ತು ಪರಿಸ್ಥಿತಿ ಬಂದಾಗ ನನಗೆ 24. ಕುಲುಮೆ ಮುಂದೆ ಕೆಲಸ. "ಆಗ ರೈಲು ಸರಿಯಾದ ಟೈಮಿಗೆ ಬರ್ತಿತ್ತು" ಅಂತ ಹೇಳುವವರು ಈಗಲೂ ಇದ್ದಾರೆ. ಮುಸೊಲಿನಿ ಬಗ್ಗೆಯೂ ಇದೇ ಮಾತು ಇದೆಯಂತೆ, ರೈಲು ಟೈಮಿಗೆ ಬಂತು ಅಂತ. ಓದಿ ನಗು ಬಂತು. ಎರಡು ದೇಶ, ಒಂದೇ ರೈಲು!

ನನಗೆ ನೆನಪಿರುವುದು ಬೇರೆ. ಆ ವರ್ಷ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಬಂತು, ಕನಿಷ್ಠ ಬೋನಸ್ 8.33 ಶೇಕಡಾ ಇದ್ದದ್ದು 4ಕ್ಕೆ ಇಳಿಯಿತು. ಮೊದಲಾಗಿದ್ದರೆ ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ಕೂರುತ್ತಿದ್ದೆವು. ಆಗ ಯಾರೂ ಕೂರಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಲೋಟ ಹಿಡಿದು ಬೋನಸ್ ಅನ್ನುವ ಪದವನ್ನೂ ಮೆಲ್ಲಗೆ ಹೇಳುತ್ತಿದ್ದೆವು. ನಮ್ಮ ಪಾಳಿಯ ಒಬ್ಬರು ಯಾವಾಗಲೂ ಜೋರು ಗಂಟಲು. ಅವರು ಆ ಇಪ್ಪತ್ತೊಂದು ತಿಂಗಳು ಬರೀ ಹವಾಮಾನದ ಬಗ್ಗೆ ಮಾತಾಡಿದರು. ಮಳೆ ಬಂತು, ಮಳೆ ನಿಂತಿತು.

ಜರ್ಮನಿಯಲ್ಲಿ 1933ರ ಮೇ 1ನ್ನು ಹಿಟ್ಲರ್ ಸಂಬಳ ಸಹಿತ ರಜೆ ಅಂತ ಘೋಷಿಸಿದ. ಕಾರ್ಮಿಕರು ಎಷ್ಟೋ ವರ್ಷದಿಂದ ಕೇಳಿದ್ದು. ದೊಡ್ಡ ಮೆರವಣಿಗೆ, ಬ್ಯಾಂಡು. ಮೇ 2ರ ಬೆಳಗ್ಗೆ ಎಲ್ಲಾ ಯೂನಿಯನ್ ಕಚೇರಿಗಳಿಗೆ ನುಗ್ಗಿ ಬೀಗ ಹಾಕಿದರು, ಮುಖಂಡರನ್ನು ಹಿಡಿದರು. ಒಂದೇ ರಾತ್ರಿಯ ಅಂತರ. ಹೊಸದಾಗಿ ಏನಾದರೂ ಪುಕ್ಕಟೆ ಕೊಟ್ಟಾಗ ನಾನು ಮಾರನೇ ದಿನದ ಪೇಪರ್ ತಪ್ಪದೆ ಓದುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ಕೊಳಗ

ಕುಲುಮೆ ಅಣ್ಣನ ಮಾತು ಓದಿ ನಾನೂ ಬರೆಯಬೇಕು ಅನಿಸಿತು. ನನ್ನದು ಸಾಗರದ ಕಡೆ. ನಮ್ಮಜ್ಜ ಗೇಣಿ ರೈತ.

ಒಂದು ಕಹಿ ವಿಷಯ ಹೇಳಲಾ? ತುರ್ತು ಪರಿಸ್ಥಿತಿ ನಮ್ಮ ಮನೆಯಲ್ಲಿ ಒಳ್ಳೇ ಕಾಲ. 1974ರ ಮಾರ್ಚ್ 1ರಿಂದ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಅಜ್ಜ ಡಿಕ್ಲರೇಷನ್ ಕೊಟ್ಟರು. ಭೂ ನ್ಯಾಯಮಂಡಳಿಯ ಮುಂದೆ ನಿಂತು, ಮೂರು ತಲೆಮಾರು ಉತ್ತ ಗದ್ದೆ ನಮ್ಮದು ಅಂದರು. ಆಯಿತು. ಪಕ್ಕದೂರಿನಲ್ಲಿ ಒಬ್ಬರು ಮೀಸಾದಲ್ಲಿ (ವಿಚಾರಣೆ ಇಲ್ಲದೆ ಬಂಧಿಸುವ ಕಾನೂನು) ಒಳಗಿದ್ದರು. ಅಜ್ಜನಿಗೆ ಅದು ಗೊತ್ತಿತ್ತು. "ಪಾಪ" ಅನ್ನುತ್ತಿದ್ದರು. ಅಷ್ಟೇ. ನಮಗೆ ಪಹಣಿ ಬಂದಿತ್ತಲ್ಲ.

1977ರಲ್ಲಿ ದೇಶವೆಲ್ಲ ಇಂದಿರಾರನ್ನು ಸೋಲಿಸಿತು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಹೋದವು. ಮರು ವರ್ಷ ನವೆಂಬರಿನಲ್ಲಿ ಅವರನ್ನು ಮತ್ತೆ ಸಂಸತ್ತಿಗೆ ಕಳಿಸಿದ್ದು ಇಲ್ಲೇ ಪಕ್ಕದ ಚಿಕ್ಕಮಗಳೂರು. ನಾವು ಮಲೆನಾಡಿನವರು. ಅದಕ್ಕೇ ಜರ್ಮನಿಯವರಿಗೆ ಬುದ್ಧಿ ಇರಲಿಲ್ಲವಾ ಅಂತ ಕೇಳುವಾಗ ನಾನು ಸ್ವಲ್ಪ ತಡೆದುಕೊಳ್ಳುತ್ತೇನೆ. ಅಲ್ಲಿ 1932ರಲ್ಲಿ ಅರವತ್ತು ಲಕ್ಷ ನಿರುದ್ಯೋಗಿಗಳಿದ್ದರು. ನಾಲ್ಕೈದು ವರ್ಷದಲ್ಲಿ ಬಹುತೇಕ ಎಲ್ಲರಿಗೂ ಕೆಲಸ ಸಿಕ್ಕಿತು. ಆ ಮನೆಗಳಲ್ಲೂ ಯಾರೋ ಒಬ್ಬ ಅಜ್ಜ ಪಕ್ಕದ ಮನೆಯ ಯಹೂದಿ ಡಾಕ್ಟರನ್ನು ನೆನೆದು "ಪಾಪ" ಅಂದಿರಬೇಕು.

ಇನ್ನೊಂದು. ನನ್ನ ಈ ಹೆಸರು ಕಾಗೋಡಿನಿಂದ. 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳ ಎದ್ದು ಸತ್ಯಾಗ್ರಹ ಆಯಿತು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಇಟಲಿಯ ಪೋ ನದಿ ಬಯಲಿನಲ್ಲಿ 1920ರಲ್ಲಿ ಹೆಚ್ಚುಕಮ್ಮಿ ಇದೇ ಜಗಳ. ಕೂಲಿ, ಪಾಲು, ಕರಾರು. ಕೂಲಿಕಾರರ ಸಂಘಗಳು ಬಲವಾಗಿದ್ದವು. ಅಲ್ಲಿನ ಜಮೀನುದಾರರು ಕಪ್ಪಂಗಿಯವರಿಗೆ ದುಡ್ಡು, ಲಾರಿ ಕೊಟ್ಟರು. ರಾತ್ರಿ ಲಾರಿಯಲ್ಲಿ ಬಂದು ಸಂಘದ ಕಚೇರಿ ಸುಡುವುದು. ಮುಖಂಡನನ್ನು ಹೆಂಡತಿ ಮಕ್ಕಳ ಮುಂದೆ ಹೊರಗೆಳೆದು ಲೀಟರ್‌ಗಟ್ಟಲೆ ಹರಳೆಣ್ಣೆ ಕುಡಿಸುವುದು. ಹೌದು, ನಮ್ಮ ಹರಳೆಣ್ಣೆಯೇ. ಅಜ್ಜಿ ಮಕ್ಕಳ ಮೂಗು ಹಿಡಿದು ಒಂದು ಚಮಚ ಬಿಡುತ್ತಿದ್ದರಲ್ಲ, ಅದು. ಒಬ್ಬ ಮರ್ಯಾದಸ್ಥನನ್ನು ಊರ ಮುಂದೆ ಬಟ್ಟೆಯಲ್ಲೇ ಕೊಳಕು ಮಾಡಿಕೊಳ್ಳುವ ಹಾಗೆ ಮಾಡಿದರೆ ಆಮೇಲೆ ಅವನು ಸಭೆಯಲ್ಲಿ ಎದ್ದು ಮಾತಾಡುವುದಿಲ್ಲ. ಕೆಲವರು ಸತ್ತೂ ಹೋದರು. ಪೊಲೀಸರು ಬೇರೆ ಕಡೆ ನೋಡುತ್ತಿದ್ದರು.

ಇಲ್ಲೂ ಏಟು ಬಿತ್ತು, ಜೈಲಾಯಿತು. ಆದರೆ ಮುಂದಿನ ವರ್ಷವೇ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಗಾಯದ ಸಿಟ್ಟು ಓಟಿನ ಪೆಟ್ಟಿಗೆಗೆ ಹೋಯಿತು. ಯಾಕೆ ಇಲ್ಲಿ ಹೀಗೆ, ಅಲ್ಲಿ ಹಾಗೆ ಅಂತ ಬಹಳ ಸಲ ಯೋಚಿಸಿದ್ದೇನೆ. ನನಗೆ ಕಾಣುವುದು ಇಷ್ಟು: ಅಲ್ಲಿ ಮೊದಲ ಮಹಾಯುದ್ಧದಿಂದ ಮರಳಿದ, ಕೊಲ್ಲುವುದು ಅಭ್ಯಾಸವಾಗಿದ್ದ ಸಾವಿರಾರು ಹುಡುಗರು ಕೆಲಸವಿಲ್ಲದೆ ಇದ್ದರು. ಲಾರಿ ಹತ್ತುವುದಕ್ಕೆ ಜನ ಸಿಕ್ಕರು.

ಕೊಳೆ ಔಷಧಿ

ಕೊಳಗ, ಇದು ಪ್ರಾಮಾಣಿಕ ಮಾತು. ನಮ್ಮದು ಡಿಕ್ಲರೇಷನ್‌ನಲ್ಲಿ ಗದ್ದೆ ಕಳೆದುಕೊಂಡ ಮನೆ. ನಮ್ಮಪ್ಪನಿಗೆ ಆ ಕಾಲ ಅಂದರೆ ಬೇರೆಯೇ. ಇಬ್ಬರೂ ಒಂದೇ ಕಡೆ ಬರೆಯುತ್ತಿದ್ದೇವೆ, ನೋಡಿ.

ಹೊಸನಗರದ ಅಕ್ಕ

ಸರ್ಕಲ್ ಹುಡುಗನಿಗೆ ಉತ್ತರ ಬಾಕಿ ಇತ್ತು. ಗಾಡಿ ತುಂಬ ನೋಟಿನ ಕಥೆ 1923ರದ್ದು. ಅದೇ ವರ್ಷ ನವೆಂಬರಿನಲ್ಲಿ ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಲು ಹೋಗಿ ಜೈಲು ಸೇರಿದ. ಐದು ವರ್ಷ ಶಿಕ್ಷೆ ಆಗಿ ಒಂದು ವರ್ಷದೊಳಗೇ ಹೊರಗೆ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ 2.6 ಶೇಕಡಾ. ಬೆಲೆ ಏರಿದ್ದಕ್ಕಿಂತ ಹೆಚ್ಚಾಗಿ, ಆಮೇಲೆ ಬೆಲೆ ಬಿದ್ದದ್ದೇ ಅವನಿಗೆ ದಾರಿ ಮಾಡಿತು. 1929ರ ನಂತರ ಸರಕಿಗೆ ಗಿರಾಕಿ ಇಲ್ಲ, ಕಾರ್ಖಾನೆ ಬಂದ್.

ಔಷಧಿಯವರೇ, ಇದು ನಿಮಗೆ. ಜರ್ಮನಿಯ ಉತ್ತರ ತುದಿಯಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಅಂತ ಪ್ರಾಂತ್ಯ. ಹಂದಿ, ದನ ಸಾಕುವ ಸ್ವಂತ ಜಮೀನಿನ ರೈತರು. 1920ರ ದಶಕದ ಕೊನೆಗೆ ದರ ಕುಸಿಯಿತು. ಸಾಲ, ತೆರಿಗೆ, ಹರಾಜು. ರೈತರು ಕಪ್ಪು ಬಾವುಟ ಹಿಡಿದು ಬೀದಿಗೆ ಬಂದರು. ಹಳೇ ಪಕ್ಷಗಳು ಕಿವಿಗೊಡಲಿಲ್ಲ. 1928ರಲ್ಲಿ ಅಲ್ಲಿ ನಾಜಿಗಳಿಗೆ 4 ಶೇಕಡಾ. 1932ರ ಜುಲೈಯಲ್ಲಿ 51.

ಕೊಳೆ ಔಷಧಿ

4ರಿಂದ 51ಕ್ಕೆ ನಾಲ್ಕೇ ವರ್ಷ?

ಇದನ್ನು ಎರಡು ಸಲ ಓದಿದೆ. ರಾಶಿ ಅಡಿಕೆಯ ದರ ಒಂದು ವಾರ ಬಿದ್ದರೆ ನಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಸೊಸೈಟಿ ಸಾಲದ ಕಾಗದ ಬಂದ ದಿನ ಸಂಜೆ ನಾನು ಯಾರ ಮಾತು ಬೇಕಾದರೂ ಕೇಳುತ್ತೇನೆ, "ಇವರಿಂದಲೇ ನಿನಗೆ ಹೀಗಾಯಿತು" ಅಂತ ಯಾರೋ ಒಬ್ಬರನ್ನು ತೋರಿಸಿದರೆ ಸಾಕು. ಎಲೆ ಚುಕ್ಕಿಯಲ್ಲಿ ತೋಟ ಹೋದ ವರ್ಷ ನಾನು ಯಾರ್ಯಾರ ಮೇಲೆ ಏನೇನು ಫಾರ್ವರ್ಡ್ ಮಾಡಿದ್ದೇನೆ ಅಂತ ಈಗ ನೆನೆದರೆ ಸ್ವಲ್ಪ ನಾಚಿಕೆ. ಆದರೂ ಫ್ಯಾಸಿಸ್ಟ್ ಅಂತ ಕರೆಸಿಕೊಳ್ಳಲು ನಾನು ತಯಾರಿಲ್ಲ. ಆ ರೈತರೂ ತಯಾರಿರಲಿಲ್ಲ ಅಂತ ಕಾಣುತ್ತದೆ.

ಗೋಪಿ ಸರ್ಕಲ್ ಹುಡುಗ

ಸರಿ ಅಕ್ಕ, ನೋಟಿನ ಗಾಡಿ ವಾಪಸ್ ತಗೊಂಡೆ.

ಹೊರದೇಶದ ಎರಡು ಉದಾಹರಣೆ ಇಡುತ್ತೇನೆ, ಹೆಸರಿನ ಜಗಳ ಬರಲ್ಲ. ಹಂಗೇರಿಯಲ್ಲಿ 2014ರ ಚುನಾವಣೆಯಲ್ಲಿ ಆಗ ಆಳುತ್ತಿದ್ದ ಪಕ್ಷಕ್ಕೆ 45 ಶೇಕಡಾ ಓಟು, 199ರಲ್ಲಿ 133 ಸೀಟು. ಮೂರರಲ್ಲಿ ಎರಡು ಪಾಲು! ಅಕ್ಕ ಹೇಳಿದ 1923ರ ಕಾನೂನು ನೆನಪಾಯ್ತಾ? ಆದರೆ ಅಲ್ಲಿ ಲಾರಿ ಇಲ್ಲ, ಹರಳೆಣ್ಣೆ ಇಲ್ಲ. ಅಮೆರಿಕದಲ್ಲಿ 2021ರ ಜನವರಿ 6ರಂದು ಗುಂಪು ಸಂಸತ್ತಿಗೇ ನುಗ್ಗಿತು. ಫ್ಯಾಸಿಸಂ ಬಗ್ಗೆ ಜೀವಮಾನವಿಡೀ ಬರೆದ ರಾಬರ್ಟ್ ಪ್ಯಾಕ್ಸ್‌ಟನ್ ಅನ್ನುವ ಇತಿಹಾಸಕಾರ ಅಲ್ಲಿವರೆಗೆ ಆ ಪದ ಬೇಡ ಅನ್ನುತ್ತಿದ್ದರು, ಔಷಧಿಯವರ ಹಾಗೆ. ಅವತ್ತಿನ ನಂತರ ಮನಸ್ಸು ಬದಲಾಯಿಸಿದರು. ಒಂದು ಕಡೆ ಬರೀ ಕಾಗದ, ಇನ್ನೊಂದು ಕಡೆ ಬರೀ ಗುಂಪು. ಎರಡೂ ಸೇರಿದಾಗ ಇಟಲಿ ಆಯಿತು ಅಂತ ನನಗೆ ಅನಿಸುತ್ತೆ.

ತುಂಗೆಯ ದಡ

ಹುಡುಗ ವಕೀಲಿಗೆ ಬಾರಪ್ಪ.

ಹೊಸನಗರದ ಅಕ್ಕ

ನಿನ್ನೆ ರಾತ್ರಿ ಮತ್ತೆ ಸುಲಿಯಲು ಕೂತಾಗ ನಿಮ್ಮೆಲ್ಲರ ಬರಹ ಗಟ್ಟಿಯಾಗಿ ಓದಿ ಹೇಳಿದೆ. ಮೊದಲು ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿದೆ. ನಾಜಿಗಳು 1933ರಲ್ಲಿ ಒಂದು ಅಗ್ಗದ ರೇಡಿಯೊ ತಂದಿದ್ದರು, ಬೆಲೆ 76 ಮಾರ್ಕ್. ಮಾಡೆಲ್ ನಂಬರ್ 301, ಜನವರಿ 30ರ ನೆನಪಿಗೆ. ಊರೆಲ್ಲ ಒಂದೇ ದನಿ ಕೇಳಲಿ ಅಂತ. ನಮ್ಮ ಚಪ್ಪರದಲ್ಲಿ ಹನ್ನೆರಡು ಜನರ ಕಿವಿಯಲ್ಲಿ ಹನ್ನೆರಡು ದನಿ. ಯಾವುದು ವಾಸಿ ಅಂತ ನನಗಿನ್ನೂ ತೀರ್ಮಾನ ಆಗಿಲ್ಲ.

ಹರಳೆಣ್ಣೆ ಬಂದಾಗ ಹೆಂಗಸರು ಕತ್ತಿ ನಿಲ್ಲಿಸಿದರು. ಅಣ್ಣನ ಮಗ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಆಮೇಲೆ ಅವನೇ ಒಂದು ವಿಷಯ ಹುಡುಕಿ ಹೇಳಿದ. 1931ರಲ್ಲಿ ಇಟಲಿಯ ವಿಶ್ವವಿದ್ಯಾಲಯಗಳ ಪ್ರೊಫೆಸರ್‌ಗಳೆಲ್ಲ ಆಳ್ವಿಕೆಗೆ ನಿಷ್ಠರಾಗಿರುತ್ತೇವೆ ಅಂತ ಪ್ರಮಾಣ ಮಾಡಬೇಕಾಯಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಆಗಲ್ಲ ಅಂದವರು ಹನ್ನೆರಡರ ಆಸುಪಾಸು. ನಾನೂ ಸಂಬಳ ತಗೊಳ್ಳುವ ಮೇಷ್ಟ್ರು. ನಾನು ಯಾವ ಸಾಲಿನಲ್ಲಿ ನಿಲ್ಲುತ್ತಿದ್ದೆ ಅಂತ ಅವನು ಕೇಳಲಿಲ್ಲ, ಪುಣ್ಯ.

ದೊಡ್ಡಪ್ಪ ಕೇಳಿದ್ದು ಬೇರೆ. "ಆ ಹನ್ನೆರಡು ಜನ ಊಟಕ್ಕೆ ಎಂತ ಮಾಡಿದರು?"

ಯಾರಿಗಾದರೂ ಗೊತ್ತಿದ್ದರೆ ಹೇಳಿ.

ತುಂಗೆಯ ದಡ

ಮೂವರದ್ದು ಗೊತ್ತು. ಗಣಿತದ ವಿಟೊ ವೋಲ್ಟೆರಾ ಕೆಲಸ ಕಳೆದುಕೊಂಡರು, 1940ರಲ್ಲಿ ತೀರಿಕೊಂಡರು. ಕಲೆಯ ಇತಿಹಾಸ ಹೇಳುತ್ತಿದ್ದ ಲಿಯೊನೆಲ್ಲೊ ವೆಂಟುರಿ ಪ್ಯಾರಿಸ್‌ಗೆ ಹೋದರು, ಆಮೇಲೆ ಅಮೆರಿಕ. ಯುದ್ಧ ಮುಗಿದ ಮೇಲೆ ಮರಳಿದರು. ಗಯೆಟಾನೊ ಡಿ ಸಾಂಕ್ಟಿಸ್ ರೋಮಿನ ಪ್ರಾಚೀನ ಇತಿಹಾಸದ ಮೇಷ್ಟ್ರು. ಅವರಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಬರೆಯುವುದು ಬಿಡಲಿಲ್ಲ.

ಹೊಸನಗರದ ಅಕ್ಕ

ಕಣ್ಣು ಮಂಜಾದವರ ಕಥೆ ದೊಡ್ಡಪ್ಪನಿಗೆ ಹಿಡಿಸುತ್ತದೆ. ಈಗ ಕೊನೆಯ ಒಬ್ಬೆ ಅಡಿಕೆ ಬೇಯುತ್ತಿದೆ, ಹಂಡೆ ಹತ್ತಿರ ಕೂತಿದ್ದಾರೆ. ಹೋಗಿ ಹೇಳಿ ಬರ್ತೇನೆ.